ಜೋಳದ ಕಾಳಿನಷ್ಟು ಕಲ್ಲು

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ನಾನು ಕೊಠಡಿ ಮೇಲ್ವಿಚಾರಕಿ. ನಮ್ಮ ಶಾಲೆಯಲ್ಲಲ್ಲ, ಬೇರೆ ಕೇಂದ್ರದಲ್ಲಿ. ರಾಯಚೂರಿನ ಮಾರ್ಚ್ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹನ್ನೊಂದರ ಹೊತ್ತಿಗೆ ಎಡ ಪಕ್ಕೆಯ ಹಿಂದೆ ಏನೋ ಹಿಡಿದಂತಾಯಿತು. ನಿಂತು ನಿಂತು ಹೀಗಾಗಿರಬೇಕು ಅಂದುಕೊಂಡೆ. ಹತ್ತು ನಿಮಿಷ ಕಳೆಯಲಿಲ್ಲ, ಆ ನೋವು ಕೆಳಹೊಟ್ಟೆಗೆ ಇಳಿಯಿತು. ಕುಳಿತರೆ ಆಗ್ತಿಲ್ಲ, ನಿಂತರೆ ಆಗ್ತಿಲ್ಲ. ಎರಡು ಹೆರಿಗೆ ಆಗಿವೆ ನನಗೆ. ಎರಡರಲ್ಲೂ ಮಧ್ಯೆ ಮಧ್ಯೆ ಉಸಿರು ಬಿಡಲು ಸಮಯ ಸಿಕ್ಕಿತ್ತು. ಇದು ಅದನ್ನೂ ಕೊಡಲಿಲ್ಲ.

ಕಿಟಕಿ ಪಕ್ಕದ ಹುಡುಗ ಬರೆಯೋದು ಬಿಟ್ಟು ನನ್ನನ್ನೇ ನೋಡುತ್ತಿದ್ದ. "ನೀ ಬರಿಯಪ್ಪ" ಅಂದು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಆಟೊದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಸ್ಕ್ಯಾನ್ ಮಾಡಿಸಿದಾಗ ಕಂಡದ್ದು 5 ಮಿ.ಮೀ. ಕಲ್ಲು. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳ ಇದೆಯಲ್ಲ, ಅದರ ಕೊನೆಯಲ್ಲಿ, ಇನ್ನೇನು ಚೀಲಕ್ಕೆ ಬೀಳಬೇಕು ಅನ್ನೋ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಮೇಲೆ ಕಿಡ್ನಿ ಸ್ವಲ್ಪ ಉಬ್ಬಿತ್ತು.

ಆ ಆಸ್ಪತ್ರೆಯವರು ಹೊರಡುವಾಗ ಒಂದು ಚೀಟಿ ಕೊಟ್ಟರು. ಮೊದಲೇ ಅಚ್ಚು ಹಾಕಿಸಿಟ್ಟದ್ದು. ಹಾಲು ಬೇಡ, ಮೊಸರು ಬೇಡ, ಮಜ್ಜಿಗೆ ಬೇಡ, ಟೊಮೆಟೊ ಬೇಡ, ಬದನೆಕಾಯಿ ಬೇಡ. ಕೊನೆಯ ಸಾಲಿನಲ್ಲಿ, "ನೀರು ಜಾಸ್ತಿ ಕುಡಿಯಿರಿ". ಎಷ್ಟು ಜಾಸ್ತಿ? ಯಾವಾಗ? ಅದು ಬರೆದಿರಲಿಲ್ಲ.

ನಮ್ಮ ಅತ್ತೆ ಆ ಚೀಟಿಯನ್ನು ದೇವರ ಕೋಣೆ ಬಾಗಿಲಿಗೆ ಅಂಟಿಸಿಬಿಟ್ಟರು. "ಇವತ್ತಿಂದ ನಿನಗ ಮೊಸರಿಲ್ಲ ನೋಡವ್ವ. ಸುಣ್ಣ ಸುಣ್ಣ ಸೇರೇ ಕಲ್ಲಾಗೋದು." ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಇವು ಮೂರೂ ಒಟ್ಟಿಗೆ ಇದ್ದರೇ ನಮ್ಮಲ್ಲಿ ಊಟ. ಮೊಸರು ಹೋಯಿತು. ಚಟ್ನಿ ಉಳಿಯಿತು. ಇದರ ತಮಾಷೆ ಮುಂದೆ ಹೇಳ್ತೀನಿ.

ನಮ್ಮ ಮನೆಯವರು ಆಗಲೇ ಫೋನಿನಲ್ಲಿ ಲೇಸರ್ ಚಿಕಿತ್ಸೆ ಎಲ್ಲಿದೆ, ಎಷ್ಟಾಗತ್ತೆ ಅಂತ ಹುಡುಕುತ್ತಿದ್ದರು. ಮರುದಿನ ನಾವು ನೋಡಿದ ಯುರಾಲಜಿ ಡಾಕ್ಟರು ಮಾತ್ರ ಅವಸರ ಮಾಡಲಿಲ್ಲ. "ಇಷ್ಟು ಸಣ್ಣ ಕಲ್ಲು ಬಹಳ ಸಲ ತಾನೇ ಬೀಳ್ತದ ರೀ ಟೀಚರ್. ಜ್ವರ ಬರಬಾರದು, ಮೂತ್ರ ನಿಲ್ಲಬಾರದು. ಅವೆರಡು ಆದ್ರ ರಾತ್ರಿ ಹನ್ನೆರಡಾದ್ರೂ ಬರ್ರಿ. ಇಲ್ಲಾಂದ್ರ ಕಾಯೋಣ." ಐದು ಮಿ.ಮೀ.ವರೆಗಿನ ಕಲ್ಲುಗಳಲ್ಲಿ ನೂರಕ್ಕೆ ಸುಮಾರು 68 ತಾವಾಗಿಯೇ ಹೊರಬರುತ್ತವೆ, ಐದರಿಂದ ಹತ್ತರವರೆಗಿನವು ಸುಮಾರು 47 ಅಂತ ಲೆಕ್ಕ ಇದೆಯಂತೆ. ಟ್ಯಾಮ್ಸುಲೋಸಿನ್ ಅನ್ನೋ ಮಾತ್ರೆ ಬರೆದುಕೊಟ್ಟರು, ನಾಳ ಸ್ವಲ್ಪ ಸಡಿಲ ಆಗಲಿ ಅಂತ. ಜೊತೆಗೆ ಮನೆಗೆಲಸವನ್ನೂ ಕೊಟ್ಟರು. ಪ್ರತಿ ಸಲವೂ ಜರಡಿಯಲ್ಲಿ ಸೋಸಿ ನೋಡಬೇಕು, ಕಲ್ಲು ಸಿಕ್ಕರೆ ತರಬೇಕು.

ಪಟೇಲ್ ರೋಡಿನಲ್ಲಿ ಹೊಸ ಚಹಾ ಸೋಸುವ ಜರಡಿ ಕೊಂಡುಕೊಂಡೆ. ಕೆಂಪು ಹಿಡಿಕೆಯದು. ಅಡುಗೆಮನೆಯದು ಹಸಿರು ಹಿಡಿಕೆಯದು, ಅದಲು ಬದಲು ಆಗಬಾರದಲ್ವಾ.

ಹನ್ನೊಂದನೇ ದಿನ ಬೆಳಿಗ್ಗೆ ಸಿಕ್ಕಿತು. ಟಿಕ್ ಅಂತ ಜರಡಿಗೆ ಬಡಿದ ಸದ್ದು ಕೇಳಿತು. ಒಂದು ಜೋಳದ ಕಾಳಿನಷ್ಟಿತ್ತು. ಕಂದು ಬಣ್ಣ, ಮೈತುಂಬ ಸಣ್ಣ ಗುಬುಟು. ನಮ್ಮ ಲ್ಯಾಬಿನ ಭೂತಗನ್ನಡಿಯಲ್ಲಿ ನೋಡಿದರೆ ಹಿಪ್ಪುನೇರಳೆ ಹಣ್ಣಿನ ಮೇಲ್ಮೈ ಥರ ಇತ್ತು. ಇಷ್ಟು ಸಣ್ಣದಕ್ಕೆ ಅಷ್ಟು ನೋವಾ ಅಂತ ಸಿಟ್ಟೂ ಬಂತು, ಒಂಚೂರು ಹೆಮ್ಮೆಯೂ ಆಯಿತು. ಪರೀಕ್ಷೆಗೆ ಕಳಿಸಿದರು. ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು. ಜಾಸ್ತಿ ಜನರಿಗೆ ಆಗೋದೂ ಇದೇ ಕಲ್ಲು.

ಕಲ್ಲು ಬಿದ್ದ ಮೇಲೆ ಜನ ಮರೆತುಬಿಡ್ತಾರೆ. ನಾನೂ ಮರೆಯುತ್ತಿದ್ದೆನೇನೋ. ಆದರೆ ನನ್ನ ತಂಗಿಯ ಮಗಳು ಬೆಂಗಳೂರಲ್ಲಿ ಫಾರ್ಮಸಿ ಓದ್ತಾಳೆ. ಅವಳು ಫೋನ್ ಮಾಡಿ, "ದೊಡ್ಡಮ್ಮ, ಮೊಸರು ಯಾಕೆ ಬಿಟ್ಟಿದ್ದೀಯ? ಅದು ಹಳೇ ಕಾಲದ್ದು" ಅಂದಳು. "ಸುಮ್ನೆ ಹೇಳಬೇಡ, ಎಲ್ಲಿದೆ ತೋರಿಸು" ಅಂದೆ. ತೋರಿಸಿದಳು. ಬೇಸಿಗೆ ರಜೆ ಬೇರೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಧ್ಯಯನ ಓದಿದೆ. ನನ್ನ ಸೈನ್ಸ್ ಪಾಠದ ಎಷ್ಟೋ ಮಾತು ಅಲ್ಲಿ ಬೇರೆ ವೇಷದಲ್ಲಿ ಸಿಕ್ಕಿತು.

ಮೊದಲು ಮೊಸರಿನ ಕಥೆ. 1993ರಲ್ಲಿ ಅಮೆರಿಕದಲ್ಲಿ ಗ್ಯಾರಿ ಕರ್ಹನ್ ಮತ್ತು ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದವರು 45,619 ಗಂಡಸರು, ಎಲ್ಲರೂ 40ರಿಂದ 75 ವರ್ಷದವರು, ಯಾರಿಗೂ ಅಲ್ಲಿವರೆಗೆ ಕಲ್ಲಾಗಿರಲಿಲ್ಲ. ಏನು ತಿಂತೀರಿ ಅಂತ ಕೇಳಿ ಬರೆದುಕೊಂಡು ನಾಲ್ಕು ವರ್ಷ ಕಾದರು. 505 ಜನಕ್ಕೆ ಕಲ್ಲಾಯಿತು. ಆಗ ಎಲ್ಲ ಡಾಕ್ಟರುಗಳೂ ಹೇಳುತ್ತಿದ್ದದ್ದು ನಮ್ಮ ಅತ್ತೆ ಹೇಳಿದ್ದನ್ನೇ, ಕಲ್ಲಲ್ಲಿ ಕ್ಯಾಲ್ಸಿಯಂ ಇದೆ, ಹಾಗಾದರೆ ಕ್ಯಾಲ್ಸಿಯಂ ತಿನ್ನಬೇಡಿ ಅಂತ. ಲೆಕ್ಕ ಬಂದದ್ದು ಉಲ್ಟಾ. ಊಟದಲ್ಲಿ ಅತಿ ಹೆಚ್ಚು ಕ್ಯಾಲ್ಸಿಯಂ ತಿಂದ ಗುಂಪಿಗೆ, ಅತಿ ಕಡಿಮೆ ತಿಂದವರಿಗಿಂತ ಕಲ್ಲಾಗುವ ಸಂಭವ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು.

ಗಂಡಸರದ್ದು ಗಂಡಸರಿಗೆ, ನನಗೇನು ಅಂತ ನೀವು ಕೇಳಬಹುದು. ನಾನೂ ಕೇಳಿದೆ. 1997ರಲ್ಲಿ ಅವರೇ 91,731 ಹೆಂಗಸರ ಲೆಕ್ಕ ತಂದರು. ಇವರೆಲ್ಲ ನರ್ಸ್‌ಗಳು, 12 ವರ್ಷದ ಅಧ್ಯಯನ. ಅಲ್ಲೂ ಅದೇ. ಆದರೆ ಇನ್ನೊಂದು ವಿಷಯ ಸಿಕ್ಕಿತು. ಕ್ಯಾಲ್ಸಿಯಂ ಮಾತ್ರೆ ತಗೊಂಡವರಿಗೆ ಮಾತ್ರ ತಗೊಳ್ಳದವರಿಗಿಂತ ಸಂಭವ ನೂರಕ್ಕೆ 20 ಪಾಲು ಜಾಸ್ತಿ. ಇದನ್ನು ಓದಿ ಒಂದು ಕ್ಷಣ ಕೈ ನಿಂತಿತು. ಮೊಣಕಾಲು ನೋವು ಅಂತ ಎರಡು ವರ್ಷದಿಂದ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದೆ, ಅದೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬಸ್ಸಿಗೆ ಓಡುವ ಅವಸರದಲ್ಲಿ. ಮೊಸರು ಬಿಡಿಸಿದ ಚೀಟಿಯಲ್ಲಿ ಈ ಮಾತ್ರೆಯ ಮಾತೇ ಇರಲಿಲ್ಲ.

ಇದು ಹೇಗೆ? ಡಾಕ್ಟರು ಒಂದು ಹಾಳೆ ಮೇಲೆ ಹೊಟ್ಟೆ ಬರೆದು ತೋರಿಸಿದರು. ನಾವು ತಿಂದ ಪಾಲಕ್, ಶೇಂಗಾ ಇವುಗಳಲ್ಲಿ ಆಕ್ಸಲೇಟ್ ಇರುತ್ತೆ. ಅದೇ ಊಟದಲ್ಲಿ ಮೊಸರೂ ಇದ್ದರೆ, ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಸಂಡಾಸಿನ ದಾರಿ ಹಿಡಿಯುತ್ತೆ. ಮೊಸರಿಲ್ಲದಿದ್ದರೆ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಸೇರಿ ಕಿಡ್ನಿಗೆ ಬಂದು, ಅಲ್ಲಿ ಮೂತ್ರದಲ್ಲಿರುವ ಕ್ಯಾಲ್ಸಿಯಂ ಜೊತೆ ಜೋಡಿಯಾಗುತ್ತೆ. ಇವರಿಬ್ಬರ ಮದುವೆ ಹೊಟ್ಟೆಯಲ್ಲೇ ಆಗಿಬಿಡಬೇಕು, ಕಿಡ್ನಿಯಲ್ಲಿ ಆಗಬಾರದು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆಯಲ್ಲಿ ಹಿಡಿಯಲು ಏನೂ ಇರಲ್ಲ. "ತಗೊಳ್ಳೋದಾದ್ರ ಊಟದ ಜೋಡಿ ತಗೋರಿ" ಅಂದರು.

ಈಗ ಗೊತ್ತಾಯ್ತಲ್ಲ ತಮಾಷೆ. ನಮ್ಮ ಮನೆಯಲ್ಲಿ ಮೊಸರು ಹೋಗಿ ಶೇಂಗಾ ಚಟ್ನಿ ಉಳಿದಿತ್ತು. ಟೊಮೆಟೊ ಪಾಪ, ಅದರಲ್ಲಿ ಆಕ್ಸಲೇಟ್ ಇರೋದೇ ಕಡಿಮೆ. ಬೀಜ ಕಂಡ ತಪ್ಪಿಗೆ ಕಲ್ಲಿನ ಆಪಾದನೆ ಹೊತ್ತಿದೆ.

ಇಷ್ಟಕ್ಕೇ ನಂಬಿಬಿಡಬಾರದು ಅಂತ ನಾನೇ ಮಕ್ಕಳಿಗೆ ಹೇಳ್ತೀನಿ. ಮೊಸರು ತಿನ್ನುವವರು ಬೇರೆ ವಿಷಯದಲ್ಲೂ ಆರೋಗ್ಯವಂತರಿರಬಹುದಲ್ವಾ? ನೋಡಿ ಲೆಕ್ಕ ಹಾಕೋದು ಬೇರೆ, ಪ್ರಯೋಗ ಮಾಡೋದು ಬೇರೆ. ಪ್ರಯೋಗ ಮಾಡಿದವರು ಇಟಲಿಯ ಪಾರ್ಮಾ ಊರಿನ ಲೋರಿಸ್ ಬೋರ್ಗಿ ಮತ್ತು ಅವರ ತಂಡ. 2002ರಲ್ಲಿ ಪ್ರಕಟವಾಯಿತು. ಪದೇ ಪದೇ ಕಲ್ಲಾಗುವ, ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುವ 120 ಗಂಡಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 60 ಜನಕ್ಕೆ ಕ್ಯಾಲ್ಸಿಯಂ ಕಡಿಮೆ ಇರುವ ಊಟ. ಇನ್ನು 60 ಜನಕ್ಕೆ ಕ್ಯಾಲ್ಸಿಯಂ ಮಾಮೂಲಿ, ಆದರೆ ಉಪ್ಪು ಮತ್ತು ಮಾಂಸ ಕಡಿಮೆ. ಐದು ವರ್ಷ ಆದ ಮೇಲೆ ನೋಡಿದರೆ ಮೊದಲ ಗುಂಪಿನಲ್ಲಿ 23 ಜನಕ್ಕೆ ಮತ್ತೆ ಕಲ್ಲು, ಎರಡನೇ ಗುಂಪಿನಲ್ಲಿ 12 ಜನಕ್ಕೆ. ಪಾರ್ಮಾ ಅಂದರೆ ಜಗತ್ತಿಗೆಲ್ಲ ಗೊತ್ತಿರುವ ಗಟ್ಟಿ ಚೀಸಿನ ಊರು. ಹಾಲು ಬಿಡಬೇಡಿ ಅಂತ ಆ ಊರಿನವರೇ ತೋರಿಸಿಕೊಟ್ಟದ್ದು ನೋಡಿ ನನಗೆ ನಗು ಬಂತು.

ಇಲ್ಲೊಂದು ಮಾತು. ಅವರು ಗಂಡಸರು, ಅವರ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇತ್ತು. ನಾನು ಗಂಡಸಲ್ಲ, ನನ್ನ ಕ್ಯಾಲ್ಸಿಯಂ ಮಾಮೂಲಿ ಇದೆ. ಆದ್ದರಿಂದ ಆ 23ಕ್ಕೆ 12 ಅನ್ನೋ ಲೆಕ್ಕವನ್ನು ಹಾಗೇ ಎತ್ತಿ ನನ್ನ ಮೇಲೆ ಇಡಲು ಬರಲ್ಲ. ಆದರೂ ಉಪ್ಪಿನ ವಿಷಯ ಎಲ್ಲರಿಗೂ ಒಂದೇ. ಉಪ್ಪು ಜಾಸ್ತಿಯಾದರೆ ಕಿಡ್ನಿ ಅದನ್ನು ಹೊರಹಾಕುವಾಗ ಕ್ಯಾಲ್ಸಿಯಂ ಕೂಡ ಜೊತೆಗೆ ಹೋಗುತ್ತೆ. ಸಂಜೆಯ ಮಂಡಾಳು ಒಗ್ಗರಣೆ, ಮಿರ್ಚಿ, ಊಟಕ್ಕೆ ಮಾವಿನಕಾಯಿ ಉಪ್ಪಿನಕಾಯಿ, ಮೇಲೆ ಎರಡು ಹಪ್ಪಳ. ಒಂದು ದಿನ ಕೂತು ಬರೆದುಕೊಂಡೆ, ಆಮೇಲೆ ಆ ಹಾಳೆ ಹರಿದು ಹಾಕಿದೆ.

ಚೀಟಿಯನ್ನು ದೇವರ ಕೋಣೆ ಬಾಗಿಲಿಂದ ತೆಗೆಯಲು ಅತ್ತೆ ಮಾತ್ರ ಒಪ್ಪಲಿಲ್ಲ. ಇಟಲಿ, ಅಮೆರಿಕ ಎಲ್ಲ ಹೇಳಿದೆ. "ಅವರಿಗೇನು ಗೊತ್ತು ರೊಟ್ಟಿ" ಅಂದರು. ಕೊನೆಗೆ ಡಾಕ್ಟರೇ ಫೋನಿನಲ್ಲಿ, "ಅಮ್ಮಾರ, ಆಕಿಗೆ ಮೊಸರು ಕೊಡ್ರಿ" ಅಂದ ಮೇಲೆ ಅರ್ಧ ಬಟ್ಟಲು ಮಂಜೂರಾಯಿತು. ಬದಲಿಗೆ ಬಾಳೆದಿಂಡಿನ ರಸ ಕುಡಿಯಬೇಕು ಅಂತ ಶರತ್ತು. ವಾರಕ್ಕೆರಡು ಸಲ ಹುರುಳಿ ಕಟ್ಟಿನ ಸಾರು. ಡಾಕ್ಟರನ್ನು ಕೇಳಿದೆ. "ಕುಡೀರಿ, ಅದರಾಗೂ ನೀರು ಇರತದಲ್ಲ" ಅಂದರು. ಹುರುಳಿ ಸಾರು ರುಚಿಯಾಗಿರುತ್ತೆ, ಅದಕ್ಕೆ ಅಧ್ಯಯನ ಬೇಕಿಲ್ಲ.

ನೀರಿನ ವಿಷಯ ಬಂತಲ್ಲ. ಎಲ್ಲರೂ ಹೇಳೋದು ಅದನ್ನೇ, ಆದರೆ ಅದನ್ನು ಪ್ರಯೋಗ ಮಾಡಿ ತೋರಿಸಿದ್ದು ಯಾವಾಗ ಅಂದುಕೊಂಡಿರಿ? 1996ರಲ್ಲಿ. ಮತ್ತೆ ಅದೇ ಬೋರ್ಗಿ, ಅದೇ ಪಾರ್ಮಾ. ಮೊದಲ ಸಲ ಕಲ್ಲಾದ 199 ಜನ. 99 ಜನಕ್ಕೆ, ದಿನಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ಮೂತ್ರ ಬರುವಷ್ಟು ನೀರು ಕುಡಿಯಿರಿ ಅಂದರು. 100 ಜನಕ್ಕೆ ಏನೂ ಹೇಳಲಿಲ್ಲ. ಐದು ವರ್ಷದಲ್ಲಿ ನೀರು ಕುಡಿದವರಲ್ಲಿ 12 ಜನಕ್ಕೆ ಮತ್ತೆ ಕಲ್ಲಾಯಿತು, ಕುಡಿಯದವರಲ್ಲಿ 27 ಜನಕ್ಕೆ. ಕ್ಲಾಸಿನಲ್ಲಿ ನೂರು ಮಕ್ಕಳಿದ್ದು 27 ಫೇಲಾಗುವ ಕಡೆ 12 ಫೇಲಾದರೆ ಹೆಡ್‌ಮಾಸ್ಟರು ಹಾರ ಹಾಕ್ತಾರೆ. ಇಷ್ಟಕ್ಕೂ ಔಷಧಿ ಏನು? ನಲ್ಲಿ ನೀರು.

ಗಮನಿಸಿ, ಅವರು ಇಷ್ಟು ಲೋಟ ಕುಡಿಯಿರಿ ಅನ್ನಲಿಲ್ಲ. ಇಷ್ಟು ಹೊರಗೆ ಬರಬೇಕು ಅಂದರು. ಬೆವರಿಗೆ ಹೋದದ್ದು ಲೆಕ್ಕಕ್ಕಿಲ್ಲ. ಮಡಿಕೇರಿಯಲ್ಲಿ ಎರಡೂವರೆ ಲೀಟರ್ ಕುಡಿದವರ ಲೆಕ್ಕ ಬೇರೆ, ಏಪ್ರಿಲ್‌ನ ರಾಯಚೂರಿನಲ್ಲಿ ಅಷ್ಟೇ ಕುಡಿದವರ ಲೆಕ್ಕ ಬೇರೆ. ಈ ಬೋರ್ಗಿ ತಂಡ 1993ರಲ್ಲೇ ಒಂದು ಗಾಜಿನ ಕಾರ್ಖಾನೆಗೆ ಹೋಗಿ ನೋಡಿತ್ತು. ಕುಲುಮೆಯ ಸೆಕೆಯಲ್ಲಿ ಕೆಲಸ ಮಾಡುವ 236 ಜನ, ಮಾಮೂಲಿ ಜಾಗದಲ್ಲಿ ಕೆಲಸ ಮಾಡುವ 165 ಜನ. ಸೆಕೆಯವರಲ್ಲಿ ನೂರಕ್ಕೆ 8.5 ಜನಕ್ಕೆ ಕಲ್ಲು, ಉಳಿದವರಲ್ಲಿ 2.4. ಅದನ್ನು ಓದಿದಾಗ ನನ್ನ ಮೈದುನ ನೆನಪಾದ. ಶಕ್ತಿನಗರದ ಥರ್ಮಲ್ ಸ್ಟೇಷನ್ನಿನಲ್ಲಿ ಗುತ್ತಿಗೆ ಕೆಲಸ ಅವನಿಗೆ, ಎರಡು ಸಲ ಕಲ್ಲಾಗಿದೆ. ಮನೆಯಲ್ಲಿ ಎಲ್ಲರೂ "ನಮ್ಮ ವಂಶದಾಗ ಅದ" ಅನ್ನುತ್ತಾರೆ. ವಂಶದ ಪಾಲೂ ಇರುತ್ತೆ, ಸುಳ್ಳಲ್ಲ. ಆದರೆ ನಾನು ಆ ವಂಶದವಳಲ್ಲವಲ್ಲ, ಸೊಸೆ. ನನಗೆಲ್ಲಿಂದ ಬಂತು?

ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ.

ಕಲ್ಲು ಬಿದ್ದು ಎರಡು ತಿಂಗಳಾದ ಮೇಲೆ ಡಾಕ್ಟರು 24 ಗಂಟೆಯ ಮೂತ್ರ ಪರೀಕ್ಷೆ ಬರೆದರು. ಲ್ಯಾಬಿನವರು ದೊಡ್ಡ ಬಿಳಿ ಕ್ಯಾನು ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಮಾಡಿದ್ದನ್ನು ಬಿಟ್ಟು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಅಲ್ಲಿಂದ ಒಂದು ಹನಿಯೂ ಬಿಡದೆ ಕ್ಯಾನಿಗೆ. ಮರುದಿನ ಅದೇ ಹೊತ್ತಿಗೆ ಎದ್ದು ಅದನ್ನೂ ಸೇರಿಸಿ ಕೊಡಬೇಕು. ಎಲ್ಲರ ಥರ ನಾನೂ ಭಾನುವಾರ ಮಾಡಿದೆ. ಮನೆಯಲ್ಲೇ ಇರ್ತೀವಲ್ಲ, ಅನುಕೂಲ. 1,450 ಮಿ.ಲೀ. ಬಂತು. ಎರಡು ಲೀಟರ್ ಇಲ್ಲ, ಆದರೂ ತೀರಾ ಕೆಟ್ಟದ್ದಲ್ಲ ಅನ್ನಿಸಿತು. ಉಳಿದದ್ದೆಲ್ಲ ಮಾಮೂಲಿ. ಸೋಡಿಯಂ ಮಾತ್ರ ಜಾಸ್ತಿ. ಉಪ್ಪಿನಕಾಯಿ ಸಾಕ್ಷಿ ಹೇಳಿತ್ತು.

ಡಾಕ್ಟರು ರಿಪೋರ್ಟ್ ನೋಡಿ, "ಯಾವ ವಾರ ಹಿಡಿದಿರಿ?" ಅಂದರು.

"ಭಾನುವಾರ ರೀ."

"ವಾರದಾಗ ಎಷ್ಟು ಭಾನುವಾರ ಬರ್ತಾವ ಟೀಚರ್?"

ಇದು ನನಗೆ ಹೊಳೆಯಬೇಕಿತ್ತು. ಸೈನ್ಸ್ ಟೀಚರ್ ನಾನು. ಅನುಕೂಲದ ದಿನ ಅಳತೆ ಮಾಡಿದರೆ ಅನುಕೂಲದ ಉತ್ತರ ಬರುತ್ತೆ.

ಹಾಗಾಗಿ ಜೂನ್ ಕೊನೆಯ ಒಂದು ಬುಧವಾರ ಕ್ಯಾನನ್ನು ಶಾಲೆಗೇ ಒಯ್ದೆ. ಸಂತೆ ಚೀಲದಲ್ಲಿಟ್ಟು ಮೇಲೆ ಎರಡು ಟವೆಲ್ ಮುಚ್ಚಿದೆ. ನಮ್ಮ ಹಳ್ಳಿಗೆ ಬಸ್ಸಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಕಂಡಕ್ಟರು, "ಟೀಚರ್ರ, ತುಪ್ಪ ಏನ್ರೀ?" ಅಂದರು. "ಹೌದ್ರೀ" ಅಂದೆ. ಇನ್ನೇನು ಹೇಳಲಿ! ಶಾಲೆಯಲ್ಲಿ ಲ್ಯಾಬಿನ ಬೀರುವಿನಲ್ಲಿ ಮೈಲುತುತ್ತದ ಡಬ್ಬಿ ಪಕ್ಕ ಇಟ್ಟು, ಮೇಲೆ "ಮುಟ್ಟಬಾರದು" ಅಂತ ಚೀಟಿ ಹಚ್ಚಿದೆ.

ಆ ದಿನ ಮಾಮೂಲಿ ದಿನದ ಥರವೇ ಇರಬೇಕು ಅಂತ ತೀರ್ಮಾನಿಸಿದ್ದೆ. ಆಗಲೇ ನನ್ನ ಮಾಮೂಲಿ ದಿನ ಹೇಗಿದೆ ಅಂತ ನನಗೇ ಕಂಡದ್ದು. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಒಂದು ಕಪ್ ಚಹಾ. ನೀರಿಲ್ಲ, ದಾರಿಯಲ್ಲಿ ಅವಸರ ಆದರೆ ಎಲ್ಲಿ ಇಳಿಯೋದು? ಬಾಟಲಿ ಚೀಲದಲ್ಲಿದೆ, ತುಂಬಿದೆ. ಮೂರು ಪಿರಿಯಡ್ ಆಯಿತು, ಗಂಟಲು ಒಣಗಿತು, ಎರಡು ಗುಟುಕು. ಶೌಚಾಲಯಕ್ಕೆ ಬೀಗ. ಬೀಗದ ಕೀಲಿ ಜವಾನನ ಹತ್ತಿರ. ಜವಾನ ಬ್ಯಾಂಕಿಗೆ ಹೋಗಿದ್ದಾನೆ. ಗಂಡಸು ಸಹೋದ್ಯೋಗಿಗಳು ಕೂತಿರುವ ಸ್ಟಾಫ್ ರೂಮಿನಲ್ಲಿ ನಿಂತು ಕೀಲಿ ಎಲ್ಲಿ ಅಂತ ಕೇಳಬೇಕು. ಕೇಳಲಿಲ್ಲ. ಯಾವತ್ತೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೀಲಿ ಸಿಕ್ಕಿತು, ಒಂದು ಸಲ ಹೋದೆ. ಒಳಗೆ ನೀರಿರಲಿಲ್ಲ, ಬಕೆಟ್ ತುಂಬಿಸಿಕೊಂಡು ಹೋಗಬೇಕಾಯಿತು. ಆಮೇಲೆ ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಮುಂಚೆ ಬಾತ್‌ರೂಮಿಗೆ ಓಡಿದೆ. 19 ವರ್ಷದಿಂದ ಹೀಗೇ.

780 ಮಿ.ಲೀ.

ಡಾಕ್ಟರು ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟರು. ಏನೂ ಅನ್ನಲಿಲ್ಲ. ಪೆನ್ನಿನಿಂದ 780ರ ಸುತ್ತ ಒಂದು ಗೆರೆ ಎಳೆದರು. ವಾರದಲ್ಲಿ ಆರು ದಿನ ನನ್ನ ಕಿಡ್ನಿ ಕೆಲಸ ಮಾಡುತ್ತಿದ್ದದ್ದು ಇಷ್ಟು ಗಟ್ಟಿ ನೀರಿನಲ್ಲಿ.

ಇದಕ್ಕೆ ನಾನೇ ಪ್ರತಿ ವರ್ಷ ಪಾಠ ಮಾಡ್ತೀನಿ. ಬಿಸಿ ನೀರಿಗೆ ಮೈಲುತುತ್ತ ಹಾಕುತ್ತಾ ಹೋಗಿ, ಇನ್ನು ಕರಗಲ್ಲ ಅನ್ನುವವರೆಗೆ. ಸೋಸಿ, ಒಂದು ದಾರ ಇಳಿಬಿಟ್ಟು ಅಲುಗಾಡಿಸದೆ ಬಿಡಿ. ತಣಿದ ಮೇಲೆ ದಾರದ ಮೇಲೆ ನೀಲಿ ಹರಳು ಕೂರುತ್ತೆ. ಮೂರು ದಿನ ಬಿಟ್ಟರೆ ಉಗುರಿನಷ್ಟಾಗುತ್ತೆ. ಅದೇ ಪುಡಿಗೆ ತುಂಬಾ ಜಾಸ್ತಿ ನೀರು ಹಾಕಿದರೆ ತಣಿದರೂ ಹರಳು ಕಟ್ಟಲ್ಲ. ಇಷ್ಟು ವರ್ಷ ಬೀಕರು ತೋರಿಸಿ ಮಾರ್ಕು ಕೊಟ್ಟಿದ್ದೀನಿ. ನಾನೇ ಒಂದು ಬೀಕರು ಅಂತ ಗೊತ್ತಿರಲಿಲ್ಲ.

ಒಂದು ವ್ಯತ್ಯಾಸ ಇದೆ, ಮಕ್ಕಳಿಗೂ ಹೇಳ್ತೀನಿ. ಮೈಲುತುತ್ತದ ಹರಳು ಮತ್ತೆ ನೀರಿಗೆ ಹಾಕಿದರೆ ಕರಗುತ್ತೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಒಮ್ಮೆ ಕಟ್ಟಿದರೆ ನೀರು ಕುಡಿದು ಕರಗಿಸಲು ಆಗಲ್ಲ. ಯೂರಿಕ್ ಆಮ್ಲದ ಕಲ್ಲನ್ನು ಔಷಧಿ ಕೊಟ್ಟು ಕರಗಿಸಬಹುದು, ಇದನ್ನಲ್ಲ. ನೀರು ಕೆಲಸ ಮಾಡೋದು ಹೊಸದು ಕಟ್ಟದ ಹಾಗೆ ನೋಡಿಕೊಳ್ಳಲು. ಆದ್ದರಿಂದ ಕಲ್ಲು ಕರಗಿಸುವ ಪುಡಿ ಅಂತ ವಾಟ್ಸಾಪಿನಲ್ಲಿ ಬರೋದನ್ನು ನನಗೆ ಕಳಿಸಬೇಡಿ. ಆಗಲೇ ನಾಲ್ಕು ಬಂದಿವೆ.

ಕಲ್ಲು ದೊಡ್ಡದಿದ್ದರೆ ಒಡೆಯಬೇಕು. ಅದರದ್ದೂ ಒಂದು ಚೆಂದದ ಕಥೆ ಇದೆ. ಜರ್ಮನಿಯ ಡೋರ್ನಿಯರ್ ಅನ್ನೋ ವಿಮಾನ ಕಂಪನಿಯವರು, ಭಾರೀ ವೇಗದಲ್ಲಿ ಹಾರುವಾಗ ಮಳೆಹನಿ ಬಡಿದರೆ ವಿಮಾನದ ಮೈಗೆ ಏನಾಗತ್ತೆ ಅಂತ ನೋಡುತ್ತಿದ್ದರು. ಹನಿ ಬಡಿದ ಆಘಾತದ ಅಲೆ ಒಳಗೆ ಹರಿದು ಹಾನಿ ಮಾಡುತ್ತಿತ್ತು. ಆ ಕೆಲಸದಿಂದ ಹುಟ್ಟಿದ್ದು, ಚರ್ಮ ಕೊಯ್ಯದೆ ಹೊರಗಿಂದಲೇ ಅಲೆ ಬಿಟ್ಟು ಕಲ್ಲು ಪುಡಿ ಮಾಡುವ ಯಂತ್ರ. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ತಂಡ ಮೊದಲ ರೋಗಿಯ ಮೇಲೆ ಬಳಸಿತು. ನಮ್ಮ ಮನೆಯವರಿಗೆ ಇದನ್ನು ಹೇಳಿದೆ. "ನಿನಗ ಅದು ಬೇಕಾಗಿಲ್ಲಂತ ಬ್ಯಾಸರ ಏನು?" ಅಂದರು.

ಹಾಂ, ನಾನು ನುಂಗಿದ ಆ ಟ್ಯಾಮ್ಸುಲೋಸಿನ್. ಅದರ ಮೇಲೂ ಬ್ರಿಟನ್ನಿನಲ್ಲಿ ದೊಡ್ಡ ಪ್ರಯೋಗ ನಡೆದಿದೆ, 2015ರಲ್ಲಿ ಪ್ರಕಟವಾದದ್ದು. ಸಾವಿರದ ಮೇಲೆ ಜನ, 24 ಆಸ್ಪತ್ರೆ. ಕೆಲವರಿಗೆ ಈ ಮಾತ್ರೆ, ಕೆಲವರಿಗೆ ಇನ್ನೊಂದು, ಕೆಲವರಿಗೆ ಔಷಧಿಯೇ ಇಲ್ಲದ ಸುಮ್ನೆ ಮಾತ್ರೆ. ನಾಲ್ಕು ವಾರದಲ್ಲಿ ಮೂರು ಗುಂಪಿನಲ್ಲೂ ನೂರಕ್ಕೆ ಹೆಚ್ಚುಕಡಿಮೆ 80 ಜನಕ್ಕೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ನನ್ನ ಕಲ್ಲನ್ನು ಬೀಳಿಸಿದ್ದು ಮಾತ್ರೆಯಾ, ಬಾಳೆದಿಂಡಾ, ಅಥವಾ ತಾನೇ ಬಿತ್ತಾ? ಅತ್ತೆಗೆ ಈ ಪ್ರಶ್ನೆಯೇ ಇಲ್ಲ. ಡಾಕ್ಟರು ನಕ್ಕು, "ಸ್ವಲ್ಪ ದೊಡ್ಡ ಕಲ್ಲಿಗೆ ಅನುಕೂಲ ಆಗ್ತದಂತ ಕೊಡ್ತೀವಿ, ನಿಮ್ಮದು ಗಡಿ ಮ್ಯಾಲ ಇತ್ತು" ಅಂದರು. ಹಾಗೆ ನೇರ ಹೇಳಿದ್ದು ನನಗೆ ಇಷ್ಟವಾಯಿತು.

ಇಷ್ಟೆಲ್ಲ ಓದಿದರೂ ಒಂದು ವಿಷಯ ಕಾಡುತ್ತಿತ್ತು. ಗಾಜಿನ ಕಾರ್ಖಾನೆಗೆ ಹೋದವರು ಸೆಕೆ ಅಳೆದರು. ನರ್ಸ್‌ಗಳ ಊಟ ಬರೆದುಕೊಂಡರು. ನಾನು ಓದಿದ ಈ ನಾಲ್ಕೈದರಲ್ಲಿ ಯಾರೂ, ನಿಮ್ಮ ಕೆಲಸದ ಜಾಗದಲ್ಲಿ ಶೌಚಾಲಯದ ಕೀಲಿ ಯಾರ ಹತ್ತಿರ ಇರುತ್ತೆ ಅಂತ ಕೇಳಿರಲಿಲ್ಲ. ನಮ್ಮಲ್ಲಿ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವ ಹೆಂಗಸರು, ಸಂತೆಯಲ್ಲಿ ಕೂರುವವರು, ಬಸ್ಸಿನ ಮಹಿಳಾ ಕಂಡಕ್ಟರುಗಳು, ಯಾರನ್ನೇ ಕೇಳಿ. ನೀರು ಯಾಕೆ ಕುಡಿಯಲ್ಲ ಅಂದರೆ ಮರೆವು ಅನ್ನಲ್ಲ. ಲೆಕ್ಕ ಹಾಕಿಯೇ ಕುಡಿಯದಿರೋದು.

2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲು ಅಂತಲೇ ಗಂಟೆ ಬಾರಿಸುತ್ತಾರೆ ಅಂತ ಸುದ್ದಿ ಬಂದಿತ್ತು. ಒಳ್ಳೆಯದೇ. ನಮ್ಮಲ್ಲೂ ಮಾಡೋಣ ಅಂತ ಸ್ಟಾಫ್ ಮೀಟಿಂಗಿನಲ್ಲಿ ಮಾತಾಯಿತು. ಮೊದಲೆಲ್ಲ ನಾನು ತಲೆಯಾಡಿಸಿ ಸುಮ್ಮನಿರುತ್ತಿದ್ದೆ. ಈ ಸಲ ಎದ್ದು ನಿಂತೆ. "ಗಂಟಿ ಹೊಡದ ಅರ್ಧ ತಾಸಿಗೆ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕ್ರಿ ಸರ್?" ಶಾಲೆಗಳಲ್ಲಿ ಶೌಚಾಲಯ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ನಮ್ಮಲ್ಲಿ ಇದೆ, ಟೈಲ್ಸ್ ಕೂಡ ಹಾಕಿದ್ದಾರೆ. ಆದರೆ ಗಲೀಜಾಗುತ್ತೆ ಅಂತ ಬೀಗ.

ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಅವರಿಗೆ ಆ ಲೆಕ್ಕವೇ ಹೊಳೆದಿರಲಿಲ್ಲ, ಅಷ್ಟೆ. ನಾನು 780ರ ರಿಪೋರ್ಟನ್ನು ಮೇಜಿನ ಮೇಲಿಟ್ಟೆ. ನಾಚಿಕೆ ಆಯಿತು, ಸುಳ್ಳು ಹೇಳಲ್ಲ. ಮೂತ್ರದ ರಿಪೋರ್ಟನ್ನು ಹನ್ನೊಂದು ಜನ ನೋಡಿದರು. ಪಿ.ಟಿ. ಮಾಸ್ತರು ಕನ್ನಡಕ ಹಾಕಿಕೊಂಡು ಓದಿ, "ನಂದೂ ಇಷ್ಟ ಇರಬೇಕು" ಅಂದರು.

ಎರಡನೇ ಕೀಲಿ ಮಾಡಿಸಲು ನಲವತ್ತು ರೂಪಾಯಿ ಆಯಿತು. ಈಗ ಅದು ಹೆಣ್ಣುಮಕ್ಕಳ ತರಗತಿ ಕಡೆಯ ಕಂಬಕ್ಕೆ ಹೊಡೆದ ಮೊಳೆಯಲ್ಲಿ ನೇತಾಡುತ್ತೆ. ಯಾರನ್ನೂ ಕೇಳಬೇಕಿಲ್ಲ. ಎರಡು ಬ್ಯಾರಲ್ ನೀರು ತುಂಬಿಸಿಡುವ ವ್ಯವಸ್ಥೆ ಆಗಿದೆ, ವಾರದಲ್ಲಿ ಒಂದೆರಡು ದಿನ ತಪ್ಪುತ್ತೆ. ಮೊದಲ ವಾರ ಆ ಕೀಲಿ ಮೊಳೆಯ ಮೇಲೆ ಇದ್ದದ್ದೇ ನಾನು ನೋಡಲಿಲ್ಲ, ಯಾವಾಗಲೂ ಯಾರದೋ ಕೈಯಲ್ಲಿತ್ತು. ಇಷ್ಟು ಮಕ್ಕಳು ಇಷ್ಟು ದಿನ ತಡೆದುಕೊಂಡು ಕೂತಿದ್ದರಾ ಅಂತ ಆಗ ಅನ್ನಿಸಿತು. ಹರಳಿನ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿ ನನ್ನ ಮಾತಿಗೆ ಕಾಯದೆ ಎದ್ದು ಹೊರಗೆ ಹೋದಳು. ಮೊದಲಾಗಿದ್ದರೆ ನಿಲ್ಲಿಸಿ ಬೈಯುತ್ತಿದ್ದೆ.

ನನ್ನ ಬಾಟಲಿ ಈಗ ಊಟದ ಹೊತ್ತಿಗೆ ಒಂದು ಸಲ ಖಾಲಿಯಾಗುತ್ತೆ, ಸಂಜೆಯೊಳಗೆ ಇನ್ನೊಂದು ಸಲ. ನಿಂಬೆಹಣ್ಣು ಹಿಂಡ್ತೀನಿ, ಅದರ ಸಿಟ್ರೇಟ್ ಹರಳು ಕಟ್ಟೋದನ್ನು ತಡೆಯುತ್ತೆ. ಉಪ್ಪು ಹಾಕಲ್ಲ. ಉಪ್ಪಿನಕಾಯಿ ಬಿಟ್ಟಿಲ್ಲ, ಚೂರು ಸಣ್ಣದಾಗಿದೆ. ಶೇಂಗಾ ಚಟ್ನಿ ಪಕ್ಕದಲ್ಲಿ ಮೊಸರು ವಾಪಸ್ ಬಂದು ಕೂತಿದೆ, ಬಟ್ಟಲು ಪೂರ್ತಿ.

ಡಿಸೆಂಬರಿನಲ್ಲಿ ಮತ್ತೆ ಕ್ಯಾನು ಒಯ್ದೆ. ಶಾಲೆ ಇದ್ದ ದಿನವೇ, ಗುರುವಾರ. ಕಂಡಕ್ಟರು ಈ ಸಲ ಏನೂ ಕೇಳಲಿಲ್ಲ, ತುಪ್ಪದ ಗಿರಾಕಿ ಯಾರೋ ಇದ್ದಾರೆ ಅಂದುಕೊಂಡಿರಬೇಕು. 1,850 ಮಿ.ಲೀ. ಬಂತು. ರಿಪೋರ್ಟ್ ಹಿಡಿದುಕೊಂಡು ಪಾಸಾದ ಹುಡುಗಿ ಥರ ಡಾಕ್ಟರ ಮುಂದೆ ಕೂತೆ. ಅವರು ಸಂಖ್ಯೆ ನೋಡಿದರು, ಆಮೇಲೆ ತಾರೀಖು ನೋಡಿದರು.

"ಛಲೋ ಆತು. ಆದ್ರ ಇದು ಡಿಸೆಂಬರ್‌ದು" ಅಂದರು. "ಏಪ್ರಿಲ್‌ದು ತರ್ರಿ."

ಕ್ಯಾನನ್ನು ತೊಳೆದು ಮಂಚದ ಕೆಳಗೆ ಇಟ್ಟಿದ್ದೀನಿ.